ಮೂರು ಡಬ್ಬಿ, ಒಂದು ಮೊರ

ರಬಕವಿಯಲ್ಲಿ ಶಿದ್ರಾಮಪ್ಪನ ಮಗ್ಗದ ಸಪ್ಪಳ ನಿಂತರೆ ಕೃಷ್ಣಾ ಹೊಳೆ ಕೂಡ ಒಂದು ಗಳಿಗೆ ನಿಂತು, ಏನಾಯಿತೆಂದು ವಿಚಾರಿಸಿ ಮುಂದೆ ಹರಿಯುತ್ತಿತ್ತು. ಅವನು ನೇಯ್ದ ಸೀರೆ ಉಟ್ಟವಳು ಮಹಾಲಿಂಗಪುರದ ಪೇಟೆಯಲ್ಲಿ ಹಾದರೆ ಬೆಲ್ಲದ ತಕ್ಕಡಿಗಳು ಅವಳ ಕಡೆಗೆ ವಾಲುತ್ತಿದ್ದವು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಇದ್ದರೂ ಎಳ್ಳಿನಷ್ಟೇ ಇದ್ದೀತು. ಪಕ್ಕದ ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳು ಬಂದು ಊರನ್ನೇ ಕಿವುಡು ಮಾಡಿದ್ದರೂ ಅವನು ಮಾತ್ರ ಮೂವತ್ತೆಂಟು ವರ್ಷದಿಂದ ತನ್ನ ಕುಣಿಮಗ್ಗ ಬಿಟ್ಟಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕುಣಿಯ ದಂಡೆಯ ಮೇಲೆ ಕೂತು ನೇಯುವ ಮಗ್ಗ ಅದು. ಕುಣಿಯಲ್ಲಿ ಕತ್ತಲೆ. ಅಲ್ಲಿ ಕಣ್ಣು ಕೆಲಸಕ್ಕೆ ಬಾರದು, ಅಂಗಾಲೇ ಕಣ್ಣು. ನಾಲ್ಕು ಸಾವಿರ ಎಳೆಗಳ ಹಾಸಿನಲ್ಲಿ ಒಂದೇ ಒಂದು ಎಳೆ ಹರಿದರೂ ತುಳಿಗೆಯ ಹಲಗೆ ಮೇಲಿದ್ದ ಅವನ ಅಂಗಾಲಿಗೆ ಮೊದಲು ತಿಳಿಯುತ್ತಿತ್ತು, ಆಮೇಲೆ ಅವನಿಗೆ.

ಅಂಥ ಶಿದ್ರಾಮಪ್ಪ ತೊಂಬತ್ತೆರಡನೆಯ ಇಸವಿಯ ಒಂದು ಬೆಳಿಗ್ಗೆ ಕುಣಿಯಿಂದ ಎದ್ದು ಪಡಸಾಲೆಗೆ ಬಂದು ಚಹಾ ಕೇಳಿದ. ಹೆಂಡತಿ ಸಾತವ್ವ ಚಹಾ ತರಲಿಲ್ಲ. ನೆಲ ನೋಡುತ್ತ ನಿಂತಳು.

"ಏನ ತುಳದ ಬಂದ್ರಿ?"

"ಏನಿಲ್ಲ. ಯಾಕ?"

"ನೆಲದ ತುಂಬ ಕೆಂಪ ಹೆಜ್ಜಿ ಮೂಡ್ಯಾವ."

"ನೂಲಿನ ಬಣ್ಣ ಇರಬೇಕ ಬಿಡ."

"ಬಣ್ಣ ಬಿಸಿ ಇರೂದಿಲ್ರಿ," ಎಂದು ಸಾತವ್ವ ಅವನನ್ನು ಕಂಬಕ್ಕೆ ಒರಗಿಸಿ ಕೂರಿಸಿ ಬಲಗಾಲು ಮೇಲೆತ್ತಿದಳು. ತುಳಿಗೆಯ ಹಲಗೆಯಿಂದ ಕಿತ್ತುಬಂದ ಮೊಳೆ ಅಂಗಾಲಿನಲ್ಲಿ ತಲೆಯವರೆಗೆ ಇಳಿದಿತ್ತು. ಆಕೆ ಇಕ್ಕಳ ಹಾಕಿ ಎಳೆದಳು. ಅಷ್ಟು ಉದ್ದದ ಮೊಳೆಯಲ್ಲಿ ಬಾಗಿಲು ಜಡಿಯಬಹುದಿತ್ತು. ಕೋಟೆಯ ಬಾಗಿಲೇ ಜಡಿಯಬಹುದಿತ್ತು ಎನ್ನಿ. ಶಿದ್ರಾಮಪ್ಪ ಅದನ್ನು ಬೇರೆಯವರ ಕಾಲಿನಿಂದ ಕಿತ್ತಂತೆ ನೋಡುತ್ತಿದ್ದ. ನೋವು ಬರುತ್ತದೆಂದು ಹಲ್ಲು ಕಚ್ಚಿ ಕಾದ. ನೋವು ಬರಲಿಲ್ಲ. ಬಂದದ್ದು ಅಂಜಿಕೆ. ಮೊಣಕಾಲಿನಿಂದ ಹೊರಟು ಹೊಟ್ಟೆಗೆ ಹೊಕ್ಕು ಅಲ್ಲೇ ಮನೆ ಮಾಡಿತು.

ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ಒಂದು ವರ್ಷದಿಂದ ಮಂದವಾಗಿದ್ದದ್ದು ಅವನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹೇಳಲು ಬಾಯಿ ಬಾರದಿರುವುದಕ್ಕೆ ಕಾರಣ ಓಣಿಯ ತುದಿಯಲ್ಲೇ ಕೂತಿತ್ತು. ಗಿರಿಮಲ್ಲಪ್ಪನೂ ನೇಕಾರನೇ, ಅವನಿಗೂ ಸಕ್ಕರೆ. ಹಿಂದಿನ ಬೇಸಿಗೆಯಲ್ಲಿ ಅವನ ಹೆಬ್ಬೆರಳಿಗೆ ಒಂದು ಗುಳ್ಳೆ ಎದ್ದಿತ್ತು. ನೋಯಲಿಲ್ಲ ಎಂದು ಬಿಟ್ಟ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು, ಕೊನೆಗೆ ಮೊಣಕಾಲಿನ ಕೆಳಗೆ ಕೊಯ್ದು ತೆಗೆದರು. ಈಗ ಅವನು ಕಟ್ಟೆಯ ಮೇಲೆ ಕೂತು ಹೋಗುವವರ ಬರುವವರ ಕಾಲು ನೋಡುತ್ತಿದ್ದ. ಮುಖ ನೋಡುವುದನ್ನೇ ಬಿಟ್ಟಿದ್ದ. ಒಂದು ಕಾಲಿನವನಿಗೆ ಕುಣಿಮಗ್ಗದಲ್ಲಿ ಕೆಲಸವಿಲ್ಲ. ಅವನ ಮಗ್ಗದ ಕುಣಿಯನ್ನು ಮಣ್ಣು ಹಾಕಿ ಮುಚ್ಚಿದ ದಿನ ಶಿದ್ರಾಮಪ್ಪನೇ ನಾಲ್ಕು ಬುಟ್ಟಿ ಮಣ್ಣು ಹೊತ್ತಿದ್ದ.

ಆ ವಾರವೇ ಬನಹಟ್ಟಿಯ ಒಂದು ಖಾಲಿ ಗೋದಾಮಿಗೆ ಡಾಕ್ಟರ್ ನೀಲಕಂಠ ಬಂದದ್ದು. ದೂರದ ವೈದ್ಯಕೀಯ ಕಾಲೇಜಿನವರು. ಸಕ್ಕರೆಯಿಂದ ನರ ಸತ್ತವರ ಮೇಲೆ ಸಂಶೋಧನೆ ಮಾಡುತ್ತಿದ್ದರು. ಬೂದುಬಣ್ಣದ ಒಂದು ಪೆಟ್ಟಿಗೆ ಯಂತ್ರ, ಅದರಿಂದ ಹೊರಟ ವಾಯರು. ಕಾಲಿಗೆ ಕರೆಂಟು ಬಿಟ್ಟು, ಸುದ್ದಿ ನರದಲ್ಲಿ ಎಷ್ಟು ಬೇಗ ಓಡುತ್ತದೆ ಎಂದು ಅಳೆಯುತ್ತಿದ್ದರು. ಸಾತವ್ವ ಗಂಡನನ್ನು ಎಳೆದುಕೊಂಡು ಹೋದಳು. ಅದೇ ಓಣಿಯಿಂದ ಇನ್ನಿಬ್ಬರು ಬಂದಿದ್ದರು. ಒಬ್ಬಳು ಮುತ್ತವ್ವ, ಶಿದ್ರಾಮಪ್ಪನ ಮಗ್ಗಕ್ಕೆ ರಾಟೆಯಲ್ಲಿ ಸಣ್ಣ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡಿಕೊಡುವ ವಿಧವೆ. ಒಂದು ಹಿಡಿ ಮೈ, ಹನ್ನೆರಡು ಹಿಡಿ ಬಾಯಿ. ಇನ್ನೊಬ್ಬ ನೂಲಿನ ವ್ಯಾಪಾರಿ ಚನಮಲ್ಲಪ್ಪ. ಅವನು ಕೂತರೆ ಬೆಂಚಿನ ಆ ತುದಿಯಲ್ಲಿದ್ದವರು ಮೇಲೇಳುತ್ತಿದ್ದರು.

ನೀಲಕಂಠ ಮೂವರನ್ನೂ ಕೂಡಿಸಿ ನಿಧಾನವಾಗಿ ಹೇಳಿದರು. "ನರದ ಮೈತುಂಬ ಸಣ್ಣ ಸಣ್ಣ ಬಾಗಿಲ ಇರ್ತಾವ. ಪೊಟ್ಯಾಸಿಯಂ ಅಂತ ಒಂದು ಉಪ್ಪು ಐತಿ, ಅದು ಆ ಬಾಗಿಲಿಂದ ಹೊರಗ ಹೋಗತೈತಿ. ಸಕ್ಕರೆಯಿಂದ ನರದ ಮ್ಯಾಲಿನ ಹೊದಿಕಿ ಸವದಾಗ ಈ ಬಾಗಿಲ ಎಲ್ಲಾ ತೆರಕೊಂಡಬಿಡತಾವ. ಅಂಗಾಲಿನ ಸುದ್ದಿ ತಲಿ ಮುಟ್ಟೂದರೊಳಗ ಸೋರಿ ಹೋಗತೈತಿ. ಈ ಔಷಧ ಬಾಗಿಲಕ್ಕ ಅಗಳಿ ಹಾಕತೈತಿ."

"ಹಾಕಿದ್ರ ಕಾಲ ಬರತೈತ್ರೀ?" ಎಂದು ಶಿದ್ರಾಮಪ್ಪ ಕೇಳಿದ. ಕೇಳುವಾಗ ಅವನ ಮೀಸೆ ನಡುಗಿತು. ಒಂದು ಕಾಲಕ್ಕೆ ಆ ಮೀಸೆಗೆ ಹೆದರಿ ಜಮಖಂಡಿ ಬಸ್ಸು ನಿಲ್ದಾಣ ಬಿಟ್ಟು ಮುಂದೆ ಹೋಗಿ ನಿಲ್ಲುತ್ತಿತ್ತು.

"ಅದ ನನಗ ಗೊತ್ತಿಲ್ಲ. ಗೊತ್ತಿದ್ದಿದ್ರ ಪರೀಕ್ಷಾ ಯಾಕ ಮಾಡತಿದ್ದೆ? ಕೆಲವರ ಡಬ್ಬ್ಯಾಗ ಪೂರಾ ಔಷಧ ಇರತೈತಿ, ಕೆಲವರದರಾಗ ಅರ್ಧ, ಕೆಲವರದರಾಗ ಬರೇ ಹಿಟ್ಟು. ಯಾರದ ಯಾವುದು ಅಂತ ನನಗೂ ತಿಳಿಯೂದಿಲ್ಲ, ಕಾಲೇಜಿನಾಗ ಲಕ್ಕೋಟಿಯೊಳಗ ಮುಚ್ಚಿಟ್ಟಾರ. ನಿಮ್ಮ ನಿಮ್ಮ ತೂಕ, ಕಿಡ್ನಿ ನೋಡಿ ತುಂಬ್ಯಾರ. ಅದಕ್ಕ ಒಬ್ಬರ ಡಬ್ಬಿ ಇನ್ನೊಬ್ಬರು ಮುಟ್ಟಬ್ಯಾಡ್ರಿ. ಹೆಚ್ಚಾತು ಅಂದ್ರ ನರ ಸುಮ್ಮನಾಗೂದಿಲ್ಲ, ಒದರಕೋತನ ಇರತೈತಿ. ಮೊದಲ ತುಟಿ ಜುಮ್ ಅಂತಾವ, ಆಮ್ಯಾಲ ಫಿಟ್ಸ್ ಬರತಾವ. ತುಟಿ ಜುಮ್ ಅಂದ ಕೂಡಲೇ ಗುಳಗಿ ಬಿಟ್ಟು ನನಗ ಹೇಳಿ ಕಳಸ್ರಿ."

ಇಷ್ಟೆಲ್ಲ ಹೇಳಿದರು. ಆದರೆ ಶಿದ್ರಾಮಪ್ಪನ ಕಿವಿಗೆ ಒಂದೇ ಮಾತು ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡಿತು: ಬರೇ ಹಿಟ್ಟು.

ಮನೆಗೆ ಬಂದು ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತ. ಮೂರು ವಾರಕ್ಕೆ ನಲವತ್ತೆರಡು ಗುಳಿಗೆ, ಬೆಳಿಗ್ಗೆ ಒಂದು, ಸಂಜೆಗೊಂದು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಳತೆ. ತನ್ನದು ಹಿಟ್ಟೇ ಇರಬೇಕು ಎಂದು ಅವನಿಗೆ ಖಾತ್ರಿಯಾಯಿತು. ಮೂರು ವಾರ ಹಿಟ್ಟು ನುಂಗುತ್ತ ಕೂತರೆ ಅಷ್ಟರಲ್ಲಿ ಕಾಲು ಕಪ್ಪಾಗುತ್ತದೆ. ಮೊಳೆ ಹೊಕ್ಕ ತೂತು ಇನ್ನೂ ಮುಚ್ಚಿರಲಿಲ್ಲ. ದಿನಕ್ಕೆ ನೂರು ಸಲ ಕಾಲು ಮಡಚಿ ನೋಡಿಕೊಂಡ. ಸೊಂಟ ಬಗ್ಗದ್ದರಿಂದ ನೂರು ಸಲವೂ ಹಿಮ್ಮಡಿಯಷ್ಟೇ ಕಂಡಿತು.

ಎರಡನೆಯ ದಿನ ಅವನಿಗೆ ದಾರಿ ಹೊಳೆಯಿತು. ನೇಕಾರನಿಗೇ ಹೊಳೆಯಬೇಕಾದ ದಾರಿ. ಒಂದೇ ಬಣ್ಣದ ನೂಲನ್ನು ಎರಡು ಕಂತಿನಲ್ಲಿ ಅದ್ದಿಸಿದರೆ ಎರಡರಲ್ಲಿ ಕೂದಲೆಳೆಯಷ್ಟು ಫರಕು ಇರುತ್ತದೆ. ಮೊದಲು ಒಂದು ಅದ್ದಿನದು ಮುಗಿಸಿ ಆಮೇಲೆ ಇನ್ನೊಂದನ್ನು ನೇಯ್ದರೆ ಸೀರೆಯ ನಡುವೆ ಪಟ್ಟೆ ಬಿದ್ದು ಮಾಲು ಕೆಡುತ್ತದೆ. ಅದಕ್ಕೆ ನೇಕಾರರು ಎರಡೂ ಅದ್ದಿನ ಕಂಡಿಕೆಗಳನ್ನು ಒಂದೇ ಮೊರಕ್ಕೆ ಸುರಿದು ಬೆರೆಸುತ್ತಾರೆ. ಕೈಗೆ ಸಿಕ್ಕದ್ದನ್ನು ಲಾಳಿಗೆ ಹಾಕುತ್ತಾರೆ. ಫರಕು ಸೀರೆಯ ತುಂಬ ಹರಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವನು ಮುತ್ತವ್ವನನ್ನೂ ಚನಮಲ್ಲಪ್ಪನನ್ನೂ ಕರೆಸಿದ.

"ಮೂರೂ ಡಬ್ಬಿ ಮೊರಕ್ಕ ಸುರವೂಣು," ಎಂದ. "ಬೆರಸಿ ಮೂರ ಪಾಲ ಮಾಡೂಣು. ಒಬ್ಬರಿಗೆ ಬರೇ ಹಿಟ್ಟು, ಒಬ್ಬರಿಗೆ ಬರೇ ಔಷಧ, ಇದೆಂಥಾ ನ್ಯಾಯ?"

"ಡಾಕ್ಟರು ಮುಟ್ಟಬ್ಯಾಡ ಅಂದಾರಲ್ಲೋ," ಎಂದಳು ಮುತ್ತವ್ವ.

"ಡಾಕ್ಟರಿಗೆ ನೇಗಿ ಗೊತ್ತೈತೇನ ಬೇ? ಕಂಡಿಕಿ ಬೆರಸಿದಾಂಗ ಇದು. ನಲವತ್ತ ವರ್ಷ ನೀನ ಸುತ್ತಿದಾಕಿ."

"ಕಂಡಿಕಿ ನಾ ನುಂಗಿಲ್ಲಪಾ ಮತ್ತ."

ಚನಮಲ್ಲಪ್ಪ ಹೊಟ್ಟೆ ಕುಣಿಸಿ ನಕ್ಕ. "ಮುತ್ತಕ್ಕ, ನಿನ್ನ ಡಬ್ಬ್ಯಾಗ ಹಿಟ್ಟ ಇದ್ರ ಏನ್ ರೊಟ್ಟಿ ಬಡೀತಿ? ಸುರವು."

ಸುರಿದರು. ನುಂಗಿ ಉಳಿದಿದ್ದ ನೂರಿಪ್ಪತ್ತು ಗುಳಿಗೆ ಮೊರದಲ್ಲಿ ಮಲ್ಲಿಗೆ ಮೊಗ್ಗಿನಂತೆ ಉರುಳಾಡಿದವು. ಶಿದ್ರಾಮಪ್ಪ ತನ್ನ ಕೈಯಿಂದಲೇ ಬೆರೆಸಿದ, ತನ್ನ ಕೈಯಿಂದಲೇ ಹಂಚಿದ. ಇಷ್ಟು ನ್ಯಾಯವಾಗಿ ಹಂಚಿದವರು ಹನ್ನೆರಡನೆಯ ಶತಮಾನದ ಶರಣರ ನಂತರ ಯಾರೂ ಇಲ್ಲ ಎಂದು ಅವನಿಗೇ ಅನ್ನಿಸಿತು. ಹೊರಗೆ ಯಾರಿಗೂ ಹೇಳಬಾರದು ಎಂದು ಮೂವರೂ ಆಣೆ ಇಟ್ಟುಕೊಂಡರು.

ಎಂಟನೆಯ ದಿನ ನೇಯುತ್ತಿದ್ದಾಗ ಬಲ ಅಂಗಾಲಿನಲ್ಲಿ ಏನೋ ಜುಮ್ಮೆಂದಿತು. ಶಿದ್ರಾಮಪ್ಪ ಲಾಳಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಮತ್ತೊಮ್ಮೆ ತುಳಿದ. ತುಳಿಗೆಯ ಅಂಚು ಇದ್ದಲ್ಲಿ ಅಂಚಿನಂಥದೇ ಏನೋ ತಾಗಿತು, ದಪ್ಪ ಕಂಬಳಿಯ ಆಚೆಯಿಂದ ಯಾರೋ ಬೆರಳಿಟ್ಟಂತೆ. ಅವನು ಕೂಗಲಿಲ್ಲ, ಸಾತವ್ವನನ್ನೂ ಕರೆಯಲಿಲ್ಲ. ಹೇಳಿದರೆ ಹೋಗಿಬಿಡುತ್ತದೆಂದು ಅಂಜಿ ಉಸಿರು ಬಿಗಿಹಿಡಿದು ಸಂಜೆಯವರೆಗೆ ನೇಯ್ದ. ಆ ದಿನ ನೇಯ್ದದ್ದನ್ನು ಹಾಸಿದ್ದರೆ ಮುಧೋಳ ಮುಟ್ಟಿ, ಬೀಳಗಿಗೂ ಒಂದು ಸೆರಗು ಉಳಿಯುತ್ತಿತ್ತು.

ಮರುದಿನ ಬುಧವಾರ. ಮುತ್ತವ್ವ ಕಂಡಿಕೆ ಕೊಡಲು ಬಂದವಳು ತುಟಿ ಉಜ್ಜಿಕೊಳ್ಳುತ್ತಿದ್ದಳು.

"ಶಿದ್ರಾಮ, ನಿನ್ನೆ ನೀರಿಗೆ ಹೋದಾಗ ನೆಲ ತಂಪ ಹತ್ತಿತಪಾ ಕಾಲಿಗೆ. ಎರಡ ವರ್ಷದ ಮ್ಯಾಲ. ಆದ್ರ ತುಟಿ ಮ್ಯಾಲ ಇರುವಿ ಹರದಾಂಗ ಆಗಾಕತ್ತೈತಿ. ಡಾಕ್ಟರ ಏನೋ ಅಂದಿದ್ರಲ್ಲ ತುಟಿದು?"

ಶಿದ್ರಾಮಪ್ಪನಿಗೆ ಡಾಕ್ಟರ ಮಾತು ಅಕ್ಷರ ಬಿಡದೆ ನೆನಪಾಯಿತು. ಕಿವಿಯ ಬಾಗಿಲಲ್ಲಿ ಕಾದು ನಿಂತಿದ್ದ ಮಾತುಗಳೆಲ್ಲ ಒಮ್ಮೆಲೇ ಒಳನುಗ್ಗಿದವು. ಹೇಳಿದರೆ ಡಬ್ಬಿ ತಿರುಗಿ ಹೋಗುತ್ತದೆ. ಡಬ್ಬಿ ಹೋದರೆ ಕಾಲು ಹೋಗುತ್ತದೆ. ಕಾಲು ಹೋದರೆ ಕುಣಿಗೆ ಮಣ್ಣು.

"ಔಷಧ ಹತ್ತಾಕತ್ತೈತಿ ಅಂದಂಗ ಅದು," ಎಂದ. "ಶನಿವಾರ ಡಾಕ್ಟರ ಬರ್ತಾರಲ್ಲ, ಹೇಳೂಣಂತ."

"ಗುಳಗಿ ನುಂಗಲೋ ಬ್ಯಾಡೋ?"

ಅವನು ಲಾಳಿಯ ಕಡೆ ನೋಡುತ್ತ, "ನುಂಗು," ಎಂದ.

ಆ ಒಂದು ಮಾತು ಬಾಯಿಂದ ಬಿದ್ದದ್ದೇ ತಡ, ಹೊಟ್ಟೆಯಲ್ಲಿ ಮನೆ ಮಾಡಿದ್ದ ಅಂಜಿಕೆ ಈಗ ನೆಂಟರಿಷ್ಟರನ್ನೆಲ್ಲ ಕರೆಸಿಕೊಂಡಿತು. ಓಣಿಯ ಆ ಕಡೆಯಿಂದ ಮುತ್ತವ್ವನ ರಾಟೆಯ ಸಪ್ಪಳ ಬರುತ್ತಿದ್ದಷ್ಟು ಹೊತ್ತು ನೇಯುತ್ತಿದ್ದ. ಅದು ನಿಂತರೆ ಇವನ ಕೈ ನಿಲ್ಲುತ್ತಿತ್ತು. ಮತ್ತೆ ಶುರುವಾದರೆ ಉಸಿರು ಬಿಡುತ್ತಿದ್ದ.

ಗುರುವಾರ ಹತ್ತು ಗಂಟೆಗೆ ರಾಟೆ ನಿಂತಿತು. ಕಾದ. ಶುರುವಾಗಲಿಲ್ಲ.

ಓಡಿಹೋಗಿ ನೋಡಿದರೆ ಮುತ್ತವ್ವ ನೂಲಿನ ಲಡಿಗಳ ನಡುವೆ ಬಿದ್ದಿದ್ದಳು. ಹಲ್ಲು ಕಚ್ಚಿಕೊಂಡಿತ್ತು, ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಯಾರೋ ಕೈಗೆ ಕಬ್ಬಿಣದ ಕೀಲಿ ಕೊಟ್ಟರು. ಸಕ್ಕರೆ ಇಳಿದಿರಬೇಕೆಂದು ಸಾತವ್ವ ಬೆಲ್ಲದ ನೀರು ತಂದಳು. ಹಲ್ಲಿನ ನಡುವೆ ಹನಿಯೂ ಹೋಗಲಿಲ್ಲ. ಅರಿವೆ ಗಂಟು ಒಯ್ಯುವ ಟೆಂಪೊದಲ್ಲಿ ಹಾಕಿಕೊಂಡು ಜಮಖಂಡಿಗೆ ಹೊರಟರು. ದಾರಿಯಲ್ಲಿ ಇನ್ನೊಮ್ಮೆ ಬಂತು. ಶಿದ್ರಾಮಪ್ಪ ಆಕೆಯ ತಲೆಯನ್ನು ತೊಡೆಯ ಮೇಲೆ ಹಿಡಿದಿದ್ದ. ಆ ತಲೆ ನಡುಗಿದಾಗ ಟೆಂಪೊ ನಡುಗಿತು, ರಸ್ತೆ ನಡುಗಿತು, ಎರಡೂ ಬದಿಯ ಕಬ್ಬು ತುದಿಯವರೆಗೆ ನಡುಗಿತು. ಕನಿಷ್ಠ ಅವನಿಗೆ ಹಾಗೇ ಕಂಡಿತು.

ಆಸ್ಪತ್ರೆಯ ಡಾಕ್ಟರು ಬೆರಳಿನಿಂದ ರಕ್ತ ತೆಗೆದು ನೋಡಿದರು. "ಸಕ್ಕರಿ ಸರಿ ಐತಿ. ಹಿಂದ ಯಾವಾಗರ ಮೂರ್ಛೆ ಬಂದಿತ್ತೇನು? ಇಲ್ಲಾ? ಹಂಗಾರ ತಲಿಯೊಳಗ ಗಡ್ಡಿ ಇರಬೇಕು. ಇಲ್ಲಿ ಆಗೂದಿಲ್ಲ, ಮೀರಜಿಗೆ ಒಯ್ರಿ. ಏನರ ತಿಂದಿದ್ಲೇನು? ಔಷಧ ಏನರ?"

"ಸಕ್ಕರಿ ಗುಳಗಿ ಅಷ್ಟ ರಿ," ಎಂದಳು ಸಾತವ್ವ. ನೀಲಕಂಠ ಕೊಟ್ಟ ಡಬ್ಬಿಯೂ ಆಕೆಗೆ ಸಕ್ಕರೆ ಗುಳಿಗೆಯೇ, ಬೆರೆಸಿದ್ದು ಗೊತ್ತಿರಲಿಲ್ಲ.

ಟೆಂಪೊದಲ್ಲಿ ಜೊತೆಗೆ ಬಂದಿದ್ದ ಚನಮಲ್ಲಪ್ಪ ಶಿದ್ರಾಮಪ್ಪನ ಹಿಂದೆ ಬಂದು ಅವನ ರಟ್ಟೆ ಹಿಡಿದ. ಕಿವಿಯ ಹತ್ತಿರ ಬಾಯಿ ತಂದ. "ಸುಮ್ನಿರು. ಬಾಯಿ ಬಿಟ್ಟಿ ಅಂದ್ರ ಮೂವರದೂ ಬಂದ್ ಆಗತೈತಿ. ಮೀರಜಿನಾಗ ದೊಡ್ಡ ಡಾಕ್ಟರ ಅದಾರ, ಅವರ ತಿಳಕೋತಾರ."

"ಮೀರಜ ಎಷ್ಟ ದೂರ?"

"ಮೂರ ತಾಸಿನ ಮ್ಯಾಲ."

"ಆಕಿ ಅಷ್ಟ ತಡೀತಾಳೇನೋ?"

ಚನಮಲ್ಲಪ್ಪ ರಟ್ಟೆಯನ್ನು ಇನ್ನಷ್ಟು ಬಿಗಿಹಿಡಿದ. ಹೊರಗೆ ಟೆಂಪೊ ಶುರುವಾಯಿತು. ಇಬ್ಬರು ಬಂದು ಮುತ್ತವ್ವನನ್ನು ಎತ್ತಿದರು. ಒಂದು ಹಿಡಿ ಮೈ. ಎತ್ತಲು ಇಬ್ಬರೂ ಬೇಕಿರಲಿಲ್ಲ. ಆಕೆಯ ಅಂಗಾಲುಗಳು ಶಿದ್ರಾಮಪ್ಪನ ಮುಖದ ಮುಂದೆ ಹಾದುಹೋದವು, ಎರಡರ ಮೇಲೂ ಹಸಿ ಮಣ್ಣು ಮೆತ್ತಿತ್ತು. ಅವನು ತನ್ನ ಕಾಲನ್ನು ನೆಲಕ್ಕೆ ಒತ್ತಿ ನೋಡಿದ. ನೆಲದ ಕಲ್ಲು ಮಸುಕಾಗಿ ತಾಗಿತು. ಎಂಥ ಸುಖ ಅದು. ಇನ್ನೊಮ್ಮೆ ಒತ್ತಿದ. ಆಮೇಲೆ ಸೊಂಟದ ಗಂಟಿನಿಂದ ಡಬ್ಬಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟ.

"ಇದನ್ನ ತಿಂದಾಳ್ರಿ. ನಾನ ಬೆರಸಿ ಕೊಟ್ಟೇನಿ. ತುಟಿ ಜುಮ್ ಅಂತೈತಿ ಅಂದಾಗೂ ನುಂಗ ಅಂತ ನಾನ ಹೇಳೇನಿ."

ಡಾಕ್ಟರು ಡಬ್ಬಿಯ ಮೇಲಿನ ಚೀಟಿ ಓದಿದರು, ಅದರಲ್ಲಿದ್ದ ನಂಬರಿಗೆ ಕಾಲೇಜಿಗೆ ಫೋನು ಹಚ್ಚಿಸಿದರು. ಅಷ್ಟರಲ್ಲಿ ಮುತ್ತವ್ವನನ್ನು ತಿರುಗಿ ಒಳಗೆ ತಂದು ಮಲಗಿಸಿದ್ದರು. ಆ ಕಡೆಯಿಂದ ನೀಲಕಂಠರ ದನಿ ಬಂದೊಡನೆ ಇಲ್ಲಿ ಸೂಜಿ ಬದಲಾಯಿತು, ಸಲಾಯಿನ್ ಏರಿತು. ಮಧ್ಯಾಹ್ನದ ಹೊತ್ತಿಗೆ ಆಕೆಯ ಕೈಕಾಲು ಸುಮ್ಮನಾದವು. ಸಂಜೆಗೆ ಕಣ್ಣು ತೆರೆದು, ತನ್ನನ್ನು ಮುಟ್ಟಿದ ಕಂಪೌಂಡರನಿಗೆ ಬೈದಳು. ಶಿದ್ರಾಮಪ್ಪ ಹೊರಗೆ ಕೂತಿದ್ದ ಸಾತವ್ವನ ಮುಂದೆ ಆ ಬೈಗುಳವನ್ನು ಎರಡು ಸಲ ಹೇಳಿದ.

ಶನಿವಾರ ನೀಲಕಂಠ ಬನಹಟ್ಟಿಗೆ ಲಕ್ಕೋಟೆ ತಂದರು. ಮುದ್ರೆ ಒಡೆದಿತ್ತು. ಶಿದ್ರಾಮಪ್ಪ ಮತ್ತು ಚನಮಲ್ಲಪ್ಪನನ್ನು ಎದುರು ಕೂರಿಸಿಕೊಂಡು ಓದಿದರು. ಚನಮಲ್ಲಪ್ಪನ ಡಬ್ಬಿಯಲ್ಲಿ ಇದ್ದದ್ದು ಹಿಟ್ಟು. ಮುತ್ತವ್ವನದರಲ್ಲಿ, ಕಿಡ್ನಿ ಸೋತದ್ದರಿಂದ, ಅರ್ಧ. ಪೂರಾ ಔಷಧ ಇದ್ದದ್ದು ಶಿದ್ರಾಮಪ್ಪನ ಡಬ್ಬಿಯಲ್ಲಿ. ಆ ವಾರ ಮುತ್ತವ್ವನ ಕೈಗೆ ಸಾಲಾಗಿ ಸಿಕ್ಕದ್ದು ಅವೇ ಇರಬೇಕು.

"ನಂದರಾಗ," ಎಂದ ಶಿದ್ರಾಮಪ್ಪ.

"ನಿಮ್ಮದರಾಗನ. ನಲವತ್ತೆರಡೂ."

ಅವನು ಬಲಗಾಲನ್ನು ಯಂತ್ರದ ಕಡೆಗೆ ಚಾಚಿದ. "ಹಂಗಾರ ನನ್ನ ಕಾಲಿಗೆ ಹತ್ತಿದ್ದು ಖರೆ ಏನ್ರಿ? ತುಳಿಗಿ ಅಂಚ ತಿಳದಿತ್ತ ನನಗ. ಆ ಮಿಶನ್ನಿಗೆ ಹಚ್ಚಿ ನೋಡ್ರಿ."

ನೀಲಕಂಠ ವಾಯರು ಹಚ್ಚಿ ನೋಡಿದರು. ಯಂತ್ರದ ಮುಳ್ಳು ಮೊದಲಿದ್ದಲ್ಲೇ ನಿಂತಿತು. "ಔಷಧ ಬಿಟ್ಟು ಎರಡ ದಿನ ಆತು, ಈಗ ಏನ್ ಹೇಳ್ಲಿ? ಅದು ನಿಮ್ಮ ಕಾಲ ಎಚ್ಚರ ಆಗಿದ್ದೂ ಇರಬಹುದು. ಔಷಧ ಹೆಚ್ಚಾಗಿ ಜುಮ್ ಅಂದಿದ್ದೂ ಇರಬಹುದು. ಅದನ್ನ ತಿಳಕೊಳ್ಳಾಕನ ಈ ಪರೀಕ್ಷಾ ಇತ್ತು, ಶಿದ್ರಾಮಪ್ಪ. ಯಾವ ದಿನ ಯಾವ ಗುಳಗಿ ನುಂಗೀರಿ ಅನ್ನೂದ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಮೂವರ ಹೆಸರ ಹೊಡದ ಹಾಕಬೇಕು."

"ಮತ್ತ ನನಗ?"

"ಕೊಡಾಕ ಬರೂದಿಲ್ಲ." ಅವರು ವಾಯರು ಸುತ್ತಿಡುತ್ತ, ತಗ್ಗಿದ ದನಿಯಲ್ಲಿ ಹೇಳಿದರು. "ಅವತ್ತ ನೀವ ಬಾಯಿ ಬಿಡದಿದ್ರ ಆಕಿ ಮೀರಜ ಮುಟ್ಟತಿದ್ದಿಲ್ಲ. ಬಾಯಿ ಒಂದ ದಿನ ಮೊದಲ ಬಿಟ್ಟಿದ್ರ ಜಮಖಂಡಿಗೂ ಹೋಗಬೇಕಿದ್ದಿಲ್ಲ. ಎರಡೂ ನೆನಪ ಇಟಗೋರ್ರಿ. ಇನ್ನ ದಿನಾ ಮುಂಜಾನೆ ಅಂಗಾಲ ನೋಡಕೋರ್ರಿ. ಗಾಯ, ಗುಳ್ಳಿ, ಬಣ್ಣ. ನಿಮಗ ಬಗ್ಗಾಕ ಆಗೂದಿಲ್ಲ, ಯಾರರ ನೋಡಬೇಕು. ಸದ್ಯಕ್ಕ ಅದ ಔಷಧ."

ಹದಿನೈದು ದಿನಕ್ಕೆ ಮುತ್ತವ್ವ ರಾಟೆಯ ಮುಂದೆ ಮತ್ತೆ ಕೂತಳು. ಮೊದಲ ಕಂಡಿಕೆಗಳನ್ನು ತಂದು ಶಿದ್ರಾಮಪ್ಪನ ಮಗ್ಗದ ದಂಡೆಗೆ ಸುರಿದಳು. ಅವನು ತಲೆ ಎತ್ತಲಿಲ್ಲ. ಅಂದಿನಿಂದ ಆಕೆಯ ಮುಖ ನೋಡಲು ಅವನಿಗೆ ಆಗಿರಲಿಲ್ಲ.

"ಕೊಲ್ಲಾಕ ಬಂದಾಂವ, ಕಾಲರ ಚಾಚು," ಎಂದಳು. "ಸಾತವ್ವ ಎಲ್ಲಾ ಹೇಳ್ಯಾಳ. ಆಕಿ ಕಣ್ಣಿಗೆ ಪೊರಿ ಬಂದೈತಿ, ರಕ್ತ ಹರದ್ರ ಕಾಣತೈತಿ, ಗುಳ್ಳಿ ಎದ್ರ ಮಚ್ಚಿ ಅಂತಾಳ. ನಾ ನೋಡತೀನಿ. ಆಮ್ಯಾಲ ನನ್ನವು ನೀ ನೋಡು."

"ನಾ ನೋಡೂದ ನೀ ನಂಬತಿಯೇನ ಬೇ?"

"ನಂಬೂದಿಲ್ಲ. ಆದ್ರ ನೀ ಅಂಜತೀ ಅಂತ ಗೊತ್ತೈತಿ. ಅಂಜಿದಾಂವ ಛಲೋ ನೋಡತಾನ."

ಅವನು ಕುಣಿಯಿಂದ ಬಲಗಾಲು ಮೇಲೆತ್ತಿ ದಂಡೆಯ ಮೇಲಿಟ್ಟ. ಬಿಸಿಲು ಕಿಟಕಿಯಿಂದ ನೇರ ಅಂಗಾಲಿಗೆ ಬೀಳುತ್ತಿತ್ತು. ಮುತ್ತವ್ವ ಹತ್ತಿರ ಸರಿದು ತಲೆ ಬಗ್ಗಿಸಿದಳು. ಆಕೆಯ ನೆತ್ತಿಯಷ್ಟೇ ಅವನಿಗೆ ಕಾಣುತ್ತಿತ್ತು. ಹನ್ನೆರಡು ಹಿಡಿ ಬಾಯಿಯವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ರಬಕವಿ ಹುಟ್ಟಿದ ಮೇಲೆ ಅದೇ ಮೊದಲು. ಗುಳ್ಳೆ ಕಂಡಿತೋ, ಕಪ್ಪು ಕಂಡಿತೋ. ಅವನು ಕಾಲಿನ ಕಡೆಗೆ ಇಡೀ ಜೀವವನ್ನು ಕಳಿಸಿ, ಆಕೆಯ ಬೆರಳಿಗಾಗಿ ಕಾದ.

"ಬರೇ ಕಣ್ಣೀಲೆ ನೋಡಬ್ಯಾಡ, ಮುಟ್ಟಿ ನೋಡು," ಎಂದ ಕೊನೆಗೆ, ತಡೆಯಲಾರದೆ.

ಮುತ್ತವ್ವ ತಲೆ ಎತ್ತಿ ಅವನನ್ನೇ ನೋಡಿದಳು.

"ಅವಾಗಿಂದ ಮುಟ್ಟೇ ಕೂತೇನಲ್ಲೋ," ಎಂದಳು.